ಖಾಲಿ ಸೈಟುಗಳ ಲೆಕ್ಕ

ಆಫೀಸಿನಲ್ಲಿ ಓಪನ್ ಸೋರ್ಸ್ ಪರ ವಾದ ಮಾಡೋಕೆ ಬಹಳ ದಿನ ನನ್ನ ಹತ್ರ ಒಂದೇ ಸ್ಲೈಡ್ ಇತ್ತು: ನೆಟ್‌ಕ್ರಾಫ್ಟ್ ಸರ್ವೇಯ ಗ್ರಾಫ್. ಇಂಗ್ಲೆಂಡಿನ ಈ ಕಂಪನಿ 1995ರಿಂದ ಜಗತ್ತಿನ ವೆಬ್‌ಸೈಟುಗಳನ್ನು ಎಣಿಸುತ್ತಿದೆ. 1996ರ ಏಪ್ರಿಲ್‌ನಲ್ಲಿ ಅಪಾಚೆ ಅದರಲ್ಲಿ ಮೊದಲ ಸ್ಥಾನಕ್ಕೆ ಬಂತು, ವರ್ಷಗಟ್ಟಲೆ ಅಲ್ಲೇ ಉಳಿಯಿತು. ‘ಪುಕ್ಕಟೆ ಸಾಫ್ಟ್‌ವೇರ್ ನಂಬೋದು ಹೇಗ್ರಿ?’ ಅಂದವರಿಗೆ ಆ ಗ್ರಾಫ್ ತೋರಿಸಿದರೆ ಸಾಕಿತ್ತು.

2014ರ ಜುಲೈನಲ್ಲಿ ಅದೇ ಗ್ರಾಫಿನಲ್ಲಿ ಮೈಕ್ರೋಸಾಫ್ಟ್ ಮೇಲೆ ಬಂತು. ‘ಈಗೇನಂತೀಯಾ?’ ಅಂದರು ಮ್ಯಾನೇಜರ್. ನನ್ನ ಹತ್ರ ಉತ್ತರ ಇರಲಿಲ್ಲ.

ಆ ಸಲ ರಜೆಗೆ ಹರ್ತಿಗೆ ಹೋಗಿದ್ದೆ. ದಾರಿಯಲ್ಲಿ ಗದಗಿನ ಅಂಚಿನ ಹೊಲಗಳೆಲ್ಲ ಲೇಔಟ್ ಆಗಿದ್ದವು. ಕಲ್ಲು ನೆಟ್ಟು ನಂಬರ್ ಬರೆದಿದ್ದರು, ಮನೆ ಮಾತ್ರ ಇರಲಿಲ್ಲ. ‘ಎಷ್ಟು ಬೆಳದೈತಲ್ಲ ಕಾಕಾ’ ಅಂದೆ. ‘ಸೈಟ್ ಎಣಿಸಿದ್ರ ಊರು ಎಣಿಸಿದಂಗ ಆತೇನೋ? ಒಲಿ ಹೊತ್ತಿದ ಮನಿ ಎಷ್ಟದಾವ ನೋಡು’ ಅಂದ ಕಾಕಾ.

ನಮ್ಮ ಸರ್ವೇಯ ಕಥೆಯೂ ಇದೇ. ಅದು ಪ್ರತಿ ಹೆಸರಿಗೂ ಒಂದು ಕೋರಿಕೆ ಕಳಿಸಿ, ಉತ್ತರದಲ್ಲಿ ಬರುವ ‘ಸರ್ವರ್’ ಎಂಬ ಸಾಲು ಓದುತ್ತದೆ. ಅಲ್ಲಿ ನಿಜವಾದ ಸೈಟ್ ಇದೆಯೋ, ಬರೀ ಕೊಂಡಿಟ್ಟ ಹೆಸರೋ, ಒಟ್ಟು ಲೆಕ್ಕಕ್ಕೆ ಎರಡೂ ಒಂದೇ. 2006ರಲ್ಲಿ ಗೋಡ್ಯಾಡಿ ತನ್ನಲ್ಲಿದ್ದ ಅಂಥ ಲಕ್ಷಗಟ್ಟಲೆ ಹೆಸರುಗಳನ್ನು ಲಿನಕ್ಸಿನಿಂದ ವಿಂಡೋಸಿಗೆ ಸಾಗಿಸಿತು. ಒಂದೇ ಕಂಪನಿಯ ನಿರ್ಧಾರಕ್ಕೆ ಜಗತ್ತಿನ ಗ್ರಾಫ್ ವಾಲಿತು. ಮುಂದೆ ಎನ್‌ಜಿನ್‌ಎಕ್ಸ್, ಹಿಂದೆ ಅಪಾಚೆ ನಿಂತಿದ್ದರೆ ಮುಂದಿನದ್ದಷ್ಟೇ ಕಾಣುತ್ತದೆ. ಕಂಪನಿಯ ಒಳಗಿನ ಸರ್ವರ್‌ಗಳು ಲೆಕ್ಕಕ್ಕೇ ಬರೋದಿಲ್ಲ.

ತಪ್ಪು ನೆಟ್‌ಕ್ರಾಫ್ಟಿನದ್ದಲ್ಲ. ಅದು ಸಕ್ರಿಯ ಸೈಟುಗಳ ಲೆಕ್ಕವನ್ನು ಬೇರೆಯಾಗಿಯೇ ಕೊಡುತ್ತದೆ; 2014ರಲ್ಲೂ ಆ ಲೆಕ್ಕದಲ್ಲಿ ಅಪಾಚೆಯೇ ಬಹಳ ಮುಂದಿತ್ತು. ತಪ್ಪು ನಮ್ಮದು, ಪ್ರಚಾರ ಮಾಡುವವರದ್ದು. ಗೆಲ್ಲುವಾಗ ಖಾಲಿ ಸೈಟನ್ನೂ ಊರು ಅಂದೆವು, ಸೋತಾಗ ಮಾತ್ರ ಒಲೆ ಎಣಿಸೋಣ ಅಂದೆವು. ಇದನ್ನು ಯಾರು ನಂಬ್ತಾರೆ?

ಇನ್ನೊಂದು ಮಾತು. ಹೆಚ್ಚು ಜನ ಬಳಸ್ತಾರೆ ಅನ್ನೋದೇ ನಮ್ಮ ವಾದವಾದರೆ, ನಾಳೆ ಬೇರೊಂದು ಮೇಲೆ ಬಂದಾಗ ಅದನ್ನೇ ಕೊಳ್ಳಬೇಕಾಗುತ್ತದೆ. ಓಪನ್ ಸೋರ್ಸಿನ ಬಲ ಅದಲ್ಲ. ಕೋಡ್ ತೆರೆದು ಓದಬಹುದು, ನಮಗೆ ಬೇಕಾದಂತೆ ತಿದ್ದಬಹುದು, ಹತ್ತು ಮಷಿನ್ ಸೇರಿಸಿದರೂ ಲೈಸೆನ್ಸಿಗೆ ದುಡ್ಡು ಕಟ್ಟಬೇಕಿಲ್ಲ. ಇವು ಗ್ರಾಫ್ ಇಳಿದರೂ ಸುಳ್ಳಾಗೋದಿಲ್ಲ.

ಆ ಸ್ಲೈಡ್ ತೆಗೆದುಹಾಕಿದೆ. ಈಗ ನಮ್ಮದೇ ಅಪ್ಲಿಕೇಶನ್ನಿನ ಮೇಲೆ ಲೋಡ್ ಹಾಕಿ, ಬಂದ ಅಂಕಿ ತೋರಿಸ್ತೀನಿ. ಚಿಕ್ಕ ಅಂಕಿ, ಆದರೆ ಒಲೆ ಹೊತ್ತಿದ ಮನೆಯದು.