ಹೆಂಡತಿಯರ ಚರಿತ್ರೆಗಾರ್ತಿ

1978ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದವರು ಲೇಬರ್ ಪಕ್ಷದ ಡೆನಿಸ್ ಹೀಲಿ. ದೊಡ್ಡ ಶ್ರೀಮಂತರ ಕೈಗೆ ಕೂತಲ್ಲೇ ಬಂದು ಬೀಳುವ ಬಡ್ಡಿ, ಲಾಭಾಂಶಗಳ ಮೇಲೆ ಅವರ ಸರ್ಕಾರ ಹಾಕುತ್ತಿದ್ದ ತೆರಿಗೆಯ ಗರಿಷ್ಠ ಪ್ರಮಾಣ ನೂರಕ್ಕೆ 98. ಅದೇ ವರ್ಷ ಅವರ ಹೆಂಡತಿ ಎಡ್ನಾ ಹೀಲಿ ತಮ್ಮ ಮೊದಲ ಪುಸ್ತಕ ಪ್ರಕಟಿಸಿದರು. ಅದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಅತಿ ದೊಡ್ಡ ಶ್ರೀಮಂತೆಯರಲ್ಲಿ ಒಬ್ಬಳಾದ ಏಂಜೆಲಾ ಬರ್ಡೆಟ್-ಕೂಟ್ಸ್ ಎಂಬಾಕೆಯ ಜೀವನಚರಿತ್ರೆ, ‘ಲೇಡಿ ಅನ್‌ನೋನ್’. ಗಂಡ ಯಾರ ಕಿಸೆಗೆ ಕೈ ಹಾಕಿದ್ದರೋ ಅಂಥವರ ಮುತ್ತಜ್ಜಿಯನ್ನು ಹೆಂಡತಿ ಅಕ್ಕರೆಯಿಂದ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಪುಸ್ತಕ ಬಂದಾಗ ಎಡ್ನಾಗೆ ಅರವತ್ತು ವರ್ಷ.

ಅರವತ್ತರಲ್ಲಿ ಬರವಣಿಗೆ ಆರಂಭಿಸಿದರೆಂದ ಕೂಡಲೇ, ಗಂಡನ ರಾಜಕೀಯವೇ ಆಕೆಯ ಪ್ರತಿಭೆಯನ್ನು ಹೊಸಕಿತ್ತು ಎಂಬ ಕಥೆ ಕಟ್ಟುವುದು ಸುಲಭ. ಅದಕ್ಕೆ ಬೇಕಾದ ಸಾಮಗ್ರಿಯೂ ಉಂಟು. ಇಂಗ್ಲೆಂಡಿನ ಪಶ್ಚಿಮದ ಗಣಿಸೀಮೆ ಫಾರೆಸ್ಟ್ ಆಫ್ ಡೀನ್‌ನಲ್ಲಿ ಕ್ರೇನ್ ನಡೆಸುವವನ ಮಗಳಾಗಿ ಹುಟ್ಟಿ, ಊರಿನ ಶಾಲೆಯಿಂದ ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜಿಗೆ ಹೋಗಿ, ಯುದ್ಧಕಾಲದಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಹುಡುಗಿ 1945ರಲ್ಲಿ ಡೆನಿಸ್ ಅವರನ್ನು ಮದುವೆಯಾದರು. ಆಮೇಲೆ ಮೂವರು ಮಕ್ಕಳು. 1952ರಿಂದ ಲೀಡ್ಸ್ ಕ್ಷೇತ್ರ, ಚುನಾವಣೆ, ಮಂತ್ರಿಗಿರಿ. ಆದರೆ ಎಡ್ನಾ ಬರೆದ ಪುಸ್ತಕಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ಆ ಮೂವತ್ತು ವರ್ಷಗಳನ್ನು ಅವರು ಕಳೆದುಕೊಳ್ಳಲಿಲ್ಲ. ಅವರ ಬರವಣಿಗೆಗೆ ಬಂಡವಾಳ ಸಿಕ್ಕಿದ್ದೇ ಅಲ್ಲಿ. ದೊಡ್ಡ ಮನುಷ್ಯನೊಬ್ಬನ ಪಕ್ಕದಲ್ಲಿ ಕೂತವಳಿಗೆ ಏನೇನು ಕಾಣುತ್ತದೆ, ಏನೇನನ್ನು ಕಂಡೂ ಕಾಣದಂತೆ ಇರಬೇಕಾಗುತ್ತದೆ ಎಂಬುದು ಅವರಿಗೆ ಮೈಗೂಡಿತ್ತು. ಈ ತಿಳಿವಳಿಕೆ ಇತರ ಹೆಂಗಸರ ಬಗ್ಗೆ ಬರೆಯುವಾಗ ಅವರ ಕೈ ಹಿಡಿಯಿತು, ತಮ್ಮ ಬಗ್ಗೆ ಬರೆಯುವಾಗ ಬಾಯಿ ಕಟ್ಟಿತು.

ಹೀಲಿ ದಂಪತಿ ವಾಸವಿದ್ದ ಲಂಡನ್ನಿನ ಹೈಗೇಟ್, ಒಂದು ಕಾಲಕ್ಕೆ ಏಂಜೆಲಾಳ ಹಾಲಿ ಲಾಡ್ಜ್ ಎಸ್ಟೇಟ್ ಇದ್ದ ಜಾಗ. 1837ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಕೂಟ್ಸ್ ಬ್ಯಾಂಕಿನ ಒಡೆತನದ ದೊಡ್ಡ ಪಾಲು ಸೇರಿದಂತೆ ಸುಮಾರು 18 ಲಕ್ಷ ಪೌಂಡ್ ಆಸ್ತಿ ಆಕೆಗೆ ಬಂತು. ಚಾರ್ಲ್ಸ್ ಡಿಕನ್ಸ್ ಜೊತೆ ಸೇರಿ, ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗಾಗಿ ಯುರೇನಿಯಾ ಕಾಟೇಜ್ ಎಂಬ ಆಶ್ರಯಮನೆ ನಡೆಸಿದಳು. ಹೆಸರು ಹೇಳಿಕೊಳ್ಳದೆ ಕೊಟ್ಟ ದಾನಗಳಿಗೆ ಲೆಕ್ಕವಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ, ತನಗಿಂತ ಮೂವತ್ತೇಳು ವರ್ಷ ಚಿಕ್ಕವನಾದ ಅಮೆರಿಕ ಮೂಲದ ಕಾರ್ಯದರ್ಶಿಯನ್ನು ಮದುವೆಯಾದಳು. ಪರದೇಶದವನನ್ನು ವರಿಸಕೂಡದೆಂದು ಆ ಆಸ್ತಿ ತಂದುಕೊಟ್ಟ ಉಯಿಲಿನಲ್ಲಿ ಷರತ್ತಿದ್ದುದರಿಂದ ಆದಾಯದ ಐದರಲ್ಲಿ ಮೂರು ಪಾಲು ಹೋಯಿತು. ಗಂಡ ಆಕೆಯ ಮನೆತನದ ಹೆಸರನ್ನು ತನ್ನದಾಗಿಸಿಕೊಂಡ, 1885ರಲ್ಲಿ ಪಾರ್ಲಿಮೆಂಟಿಗೂ ಆರಿಸಿ ಬಂದ. ಆಕೆಯ ತಂದೆ ಫ್ರಾನ್ಸಿಸ್ ಬರ್ಡೆಟ್ ಹಳೆಯ ಪುಂಡ ಸಂಸದ. ಹೀಗೆ ರಾಜಕಾರಣಿಯ ಮಗಳೂ ರಾಜಕಾರಣಿಯ ಹೆಂಡತಿಯೂ ಆಗಿದ್ದ, ಆದರೆ ಇಬ್ಬರ ಹಂಗೂ ಇಲ್ಲದೆ ಬಾಳಿದ ಹೆಣ್ಣಿನ ಮೇಲೆ ಎಡ್ನಾ ಕಣ್ಣು ಬಿದ್ದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಈ ಪುಸ್ತಕದ ಶಕ್ತಿ ಅದರ ಸಹಾನುಭೂತಿಯಲ್ಲಿದೆ, ದೌರ್ಬಲ್ಯವೂ ಅಲ್ಲೇ. ಒಬ್ಬಳ ಕೈಯಲ್ಲಿ ಅಷ್ಟೊಂದು ಹಣ ಕೂಡಿದ್ದಾದರೂ ಹೇಗೆ, ಒಬ್ಬಳ ಮನಸ್ಸಿಗೆ ಬಂದಂತೆ ಹಂಚುವ ದಾನದಿಂದ ಬಡತನಕ್ಕೆ ಏನಾದೀತು ಎಂಬ ಪ್ರಶ್ನೆಗಳನ್ನು ಲೇಬರ್ ಮನೆಯ ಲೇಖಕಿಯಿಂದ ನಿರೀಕ್ಷಿಸಿದರೆ ತಪ್ಪಲ್ಲ. ಎಡ್ನಾ ಅವನ್ನು ಒತ್ತಿ ಕೇಳುವುದಿಲ್ಲ. ಕೊಡುವ ಕೈಯ ಮೇಲಿನ ಗೌರವ, ಆ ಕೈ ತುಂಬಿದ ಬಗೆಯ ವಿಚಾರಣೆಯನ್ನು ಬದಿಗೆ ಸರಿಸುತ್ತದೆ.

ಅವರ ನಿಜವಾದ ಸಾಧನೆ 1986ರ ‘ವೈವ್ಸ್ ಆಫ್ ಫೇಮ್’. ಮೇರಿ ಲಿವಿಂಗ್‌ಸ್ಟನ್, ಜೆನ್ನಿ ಮಾರ್ಕ್ಸ್, ಎಮ್ಮಾ ಡಾರ್ವಿನ್ ಎಂಬ ಮೂವರು ಹೆಂಡತಿಯರನ್ನು ಒಂದೇ ಪುಸ್ತಕದಲ್ಲಿ ತಂದು ಕೂರಿಸಿದ್ದೇ ಜಾಣ ಕೆಲಸ. ಕಾಲ ಹೆಚ್ಚುಕಡಿಮೆ ಒಂದೇ, ಗಂಡಂದಿರು ಮೂವರೂ ಜಗತ್ತಿನ ನಕ್ಷೆ ಬದಲಿಸಿದವರು, ಆದರೆ ಹೆಂಡತಿಯರು ತೆತ್ತ ಬೆಲೆ ಒಂದೊಂದು ಬಗೆಯದು. ಪ್ರಷ್ಯದ ಕುಲೀನ ಮನೆಯ ಜೆನ್ನಿ, ಯಾರಿಗೂ ಓದಲಾಗದ ಗಂಡನ ಕೈಬರಹವನ್ನು ಅಚ್ಚಿಗೆ ಪ್ರತಿ ಮಾಡುತ್ತಾ, ಲಂಡನ್ನಿನ ಸೋಹೋದ ಇಕ್ಕಟ್ಟು ಕೋಣೆಗಳಲ್ಲಿ ಮಕ್ಕಳನ್ನು ಮಣ್ಣು ಮಾಡಿದಳು. ಹೆತ್ತ ಏಳರಲ್ಲಿ ದೊಡ್ಡವರಾದದ್ದು ಮೂವರು ಹೆಣ್ಣುಮಕ್ಕಳು. ಎಮ್ಮಾಳದು ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ವೆಜ್‌ವುಡ್ ಮನೆತನ. ಆಕೆಯ ಸಂಕಟ ಬೇರೆ: ಪರಲೋಕದಲ್ಲಿ ಗಂಡನಿಂದ ಅಗಲಬೇಕಾದೀತೇ ಎಂಬ ಭಯವನ್ನು ಒಳಗಿಟ್ಟುಕೊಂಡೇ, ದೇವರ ಅಗತ್ಯವನ್ನು ಕಡಿಮೆ ಮಾಡುವ ಸಿದ್ಧಾಂತ ತನ್ನ ಮನೆಯಲ್ಲೇ ಬೆಳೆಯುವಂತೆ ಆ ರೋಗಿಷ್ಠ ಗಂಡನನ್ನು ಸಾಕಿದಳು. ಸಂಜೆ ಎರಡು ಆಟ ಬ್ಯಾಕ್‌ಗ್ಯಾಮನ್, ಆಮೇಲೆ ಕಾದಂಬರಿ ಓದಿ ಹೇಳುವುದು. ಆಟದ ಲೆಕ್ಕವನ್ನು ಡಾರ್ವಿನ್ ವರ್ಷಗಟ್ಟಲೆ ಬರೆದಿಟ್ಟ. ಇಂಥ ದಿನಚರಿಯ ಬೆಲೆ ಕಟ್ಟಲು ಎಡ್ನಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂವರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವಳು ಮೇರಿ, ಆಫ್ರಿಕದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್‌ನ ಹೆಂಡತಿ. ಆಫ್ರಿಕದಲ್ಲೇ ಹುಟ್ಟಿ, ಕುರುಮಾನ್ ಮಿಷನ್ನಿನಲ್ಲಿ ಬೆಳೆದ, ಅಲ್ಲಿಯ ಜನರ ತ್ಸ್ವಾನಾ ಭಾಷೆ ಬಲ್ಲ ಹುಡುಗಿ. ಹೊಟ್ಟೆಯಲ್ಲೊಂದು, ಬಗಲಲ್ಲಿ ಮತ್ತೆ ಕೆಲವು ಮಕ್ಕಳೊಂದಿಗೆ ಗಂಡನ ಹಿಂದೆ ಕಲಹರಿ ದಾಟಿದಳು. ಆಕೆಯ ತಾಯಿ 1851ರಲ್ಲಿ ಅಳಿಯನಿಗೆ ಕಾಗದ ಬರೆದು ಚೆನ್ನಾಗಿ ಬೈದಳು. 1852ರಲ್ಲಿ ಲಿವಿಂಗ್‌ಸ್ಟನ್ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಆಕೆ ಸರಿಯಾಗಿ ಅರಿಯದ ಬ್ರಿಟನ್ನಿಗೆ ಹಡಗು ಹತ್ತಿಸಿ, ತಾನು ಖಂಡದ ಒಳಕ್ಕೆ ನಡೆದ. ಅಲ್ಲಿ ಆಕೆಗೆ ಮನೆಯಿಲ್ಲ, ಕೈಯಲ್ಲಿ ಕಾಸಿಲ್ಲ, ಕುಡಿತಕ್ಕೆ ಬಿದ್ದಳು. ಕೊನೆಗೆ ಗಂಡನನ್ನು ಸೇರಲು ಹೋಗಿ, 1862ರ ಏಪ್ರಿಲ್‌ನಲ್ಲಿ ಜಾಂಬೆಜಿ ದಡದ ಶುಪಾಂಗದಲ್ಲಿ ಜ್ವರದಿಂದ ಸತ್ತಳು. ಈಕೆಯ ಮೇಲೆ ಎಡ್ನಾ ಟೆಲಿವಿಷನ್ ಚಿತ್ರವನ್ನೂ ಮಾಡಿದರು. ಆಫ್ರಿಕದಲ್ಲಿ ಲಿವಿಂಗ್‌ಸ್ಟನ್‌ನನ್ನು ಹುಡುಕಿ ಕಂಡ ಪತ್ರಕರ್ತ ಸ್ಟ್ಯಾನ್ಲಿಯ ‘ಡಾಕ್ಟರ್ ಲಿವಿಂಗ್‌ಸ್ಟನ್, ಐ ಪ್ರಿಸ್ಯೂಮ್’ ಎಂಬ ಹೆಸರಾಂತ ಮಾತನ್ನು ತಿರುಗಿಸಿ ‘ಮಿಸೆಸ್ ಲಿವಿಂಗ್‌ಸ್ಟನ್, ಐ ಪ್ರಿಸ್ಯೂಮ್’ ಎಂದು ಹೆಸರಿಟ್ಟರು.

ಆದರೆ ಮೇರಿಯ ಬಾಳು ಎಡ್ನಾ ನಂಬಿದ ಚೌಕಟ್ಟಿಗೆ ಒಗ್ಗುವುದಿಲ್ಲ. ಮಹಾಪುರುಷನ ಹಿಂದಿನ ಬಲವೇ ಹೆಂಡತಿ ಎಂಬ ಮಾತು ಎಮ್ಮಾಳಿಗೆ ಸಲ್ಲುತ್ತದೆ, ಜೆನ್ನಿಗೂ ಹೇಗೋ ಸಲ್ಲುತ್ತದೆ. ಮೇರಿ ಬಲವಾಗಲಿಲ್ಲ, ಬಲಿಯಾದಳು. ಇಲ್ಲಿ ಬೇಕಾಗಿದ್ದದ್ದು ಕನಿಕರವಲ್ಲ, ಆಕೆಯ ತಾಯಿಗೆ ಬಂದಂಥ ಸಿಟ್ಟು. ಎಡ್ನಾ ಗದ್ಯಕ್ಕೆ ಸಿಟ್ಟು ಬರುವುದೇ ಅಪರೂಪ. ತಿಳಿಯಾದ, ಮೇಷ್ಟರ ಶಿಸ್ತಿನ, ಎಲ್ಲರಿಗೂ ನ್ಯಾಯ ಸಲ್ಲಬೇಕೆಂಬ ಗದ್ಯ ಅದು. 2001ರಲ್ಲಿ ಅವರು ಮೂವರ ಪೈಕಿ ಎಮ್ಮಾಳೊಬ್ಬಳನ್ನೇ ಆರಿಸಿಕೊಂಡು ಇಡೀ ಪುಸ್ತಕ ಬರೆದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅದು ಸುಖವಾಗಿ ನಡೆದ ಸಂಸಾರ. ಅಲ್ಲಿ ಲೇಖಕಿಗೂ ಹಿತ.

ನಡುವೆ ಬಂದ ಕೂಟ್ಸ್ ಬ್ಯಾಂಕಿನ ಚರಿತ್ರೆ, ಬಕಿಂಗ್‌ಹ್ಯಾಂ ಅರಮನೆಯ ಚರಿತ್ರೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಸ್ಥೆಯೊಂದು ನಾಯಕನ ಜಾಗದಲ್ಲಿ ಕೂತರೆ ಅದಕ್ಕೆ ಹೆಂಡತಿ ಇರುವುದಿಲ್ಲ. ಎಡ್ನಾಗೆ ಒಳಬಾಗಿಲು ಸಿಗುವುದಿಲ್ಲ.

2006ರಲ್ಲಿ, ಎಂಬತ್ತೆಂಟರ ವಯಸ್ಸಿನಲ್ಲಿ ಬಂದ ಆತ್ಮಕಥೆ ‘ಪಾರ್ಟ್ ಆಫ್ ದಿ ಪ್ಯಾಟರ್ನ್’ ಅನ್ನು ನಾನು ದೊಡ್ಡ ಆಸೆಯಿಂದ ಕೈಗೆತ್ತಿಕೊಂಡೆ. ಈ ಲೇಖಕಿ ಹತ್ತಿರದಿಂದ ಕಂಡ ಕಾಲ ಸಾಮಾನ್ಯವೇ? 1976ರಲ್ಲಿ ಪೌಂಡ್ ಕುಸಿದು ಗಂಡ ವಿಮಾನ ನಿಲ್ದಾಣದಿಂದಲೇ ವಾಪಸಾದದ್ದು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಿದ್ದು, 1980ರಲ್ಲಿ ಪಕ್ಷದ ನಾಯಕತ್ವ ಮೈಕೆಲ್ ಫುಟ್ ಪಾಲಾದದ್ದು, ಮರುವರ್ಷ ಉಪನಾಯಕನ ಸ್ಥಾನ ಟೋನಿ ಬೆನ್ ಎದುರು ಶೇಕಡಾ ಒಂದಕ್ಕಿಂತಲೂ ಕಡಿಮೆ ಅಂತರದಲ್ಲಿ ಉಳಿದದ್ದು! ಜೆನ್ನಿಯ ಅಡುಗೆಮನೆಯವರೆಗೂ ಇಣುಕಿದವರು ಇಲ್ಲಿ ಮಾತ್ರ ಅತಿಥಿಗಳನ್ನು ಹಜಾರದಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸುತ್ತಾರೆ. ಬಾಲ್ಯದ ಪುಟಗಳಲ್ಲಿ ಜೀವವಿದೆ. ವೆಸ್ಟ್‌ಮಿನ್‌ಸ್ಟರ್‌ಗೆ ಬಂದ ಮೇಲೆ ಸೌಜನ್ಯ ಮೇಲಾಗುತ್ತದೆ. ಅದು ದಾಂಪತ್ಯದ ನಿಷ್ಠೆ ಎಂದು ಗೌರವಿಸುತ್ತೇನೆ, ಆದರೆ ಓದುಗನಾಗಿ ನನಗದು ನಷ್ಟ. ಎಡ್ನಾ ತೀರಿಕೊಂಡದ್ದು 2010ರಲ್ಲಿ. ಆ ಮನೆಯ ಚರಿತ್ರೆಯನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರು?

ಅವರು ಮಾಡಿದ ಇನ್ನೊಂದು ಟೆಲಿವಿಷನ್ ಚಿತ್ರದ ನಾಯಕಿ ಮೇರಿ ಸ್ಲೆಸರ್. ಡಂಡಿಯ ಸೆಣಬಿನ ಗಿರಣಿಯಲ್ಲಿ ದುಡಿದು, ಮಿಷನರಿಯಾಗಿ ನೈಜೀರಿಯದ ಕಲಬಾರಿಗೆ ಹೋದವಳು. ಮದುವೆ ನಿಶ್ಚಯವಾಗಿದ್ದವನು ಅನಾರೋಗ್ಯದಿಂದ ಅಲ್ಲಿಯ ಒಳನಾಡಿಗೆ ಬರುವಂತಿಲ್ಲ ಎಂದಾದಾಗ ಮದುವೆಯನ್ನು ಬಿಟ್ಟಳು, ಊರನ್ನು ಬಿಡಲಿಲ್ಲ. ಎಡ್ನಾ ಈಕೆಯ ಮೇಲೆ ಪುಸ್ತಕ ಬರೆಯಲಿಲ್ಲ.