ಇಕ್ವಿಫ್ಯಾಕ್ಸ್: ದಂಡ ಕಟ್ಟಿದ್ದಾಯಿತು, ನಷ್ಟ ಭರ್ತಿಯಾಯಿತೇ?

2017ರ ಮಾರ್ಚ್ 9ರಂದು ಜನರ ಸಾಲದ ದಾಖಲೆ ಇಡುವ ಅಟ್ಲಾಂಟಾದ ಇಕ್ವಿಫ್ಯಾಕ್ಸ್ ಕಂಪನಿಯೊಳಗೆ ನಾನೂರಕ್ಕೂ ಹೆಚ್ಚು ಸಿಬ್ಬಂದಿಗೆ ಒಂದು ಇಮೇಲ್ ಹೋಯಿತು. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ದೊಡ್ಡ ಲೋಪ ಪತ್ತೆಯಾಗಿದೆ, ಬಳಸುತ್ತಿರುವವರು 48 ಗಂಟೆಯೊಳಗೆ ಪ್ಯಾಚ್ ಹಾಕಬೇಕು ಎಂಬುದು ಅದರ ಸಾರ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ವಿಭಾಗ ಹಿಂದಿನ ದಿನವೇ ಎಚ್ಚರಿಸಿತ್ತು. ಆದರೆ ಕಂಪನಿಯ ಇಮೇಲ್ ಪಟ್ಟಿ ಹಳೆಯದು. ಪ್ಯಾಚ್ ಹಾಕಬೇಕಾದವರಿಗೇ ಸುದ್ದಿ ಮುಟ್ಟಲಿಲ್ಲ. ಮುಂದಿನ ವಾರ ನಡೆಸಿದ ಸ್ಕ್ಯಾನ್‌ಗೂ ಲೋಪವಿದ್ದ ಸರ್ವರ್ ಸಿಕ್ಕಿಬೀಳಲಿಲ್ಲ. ಮೇ 13ರಂದು ಹ್ಯಾಕರ್‌ಗಳು ಅದೇ ಲೋಪದ ಮೂಲಕ ಒಳಹೊಕ್ಕು 76 ದಿನ ಅಲ್ಲೇ ಉಳಿದರು.

ಅವರು ಹೊಕ್ಕಿದ್ದು ಸಾಲದ ದಾಖಲೆಯಲ್ಲಿ ತಪ್ಪಿದೆ ಎಂದು ಜನ ತಕರಾರು ಸಲ್ಲಿಸುವ ಪೋರ್ಟಲ್ಲಿಗೆ. ಅದರ ಹಿಂದಿದ್ದುದು 1970ರ ದಶಕದಲ್ಲಿ ಕಟ್ಟಿದ ವ್ಯವಸ್ಥೆ. ಅಲ್ಲಿನ ಒಂದು ಫೈಲಿನಲ್ಲಿ ಯೂಸರ್‌ನೇಮು, ಪಾಸ್‌ವರ್ಡುಗಳು ಯಾವ ಗೂಢಲಿಪಿಯ ರಕ್ಷಣೆಯೂ ಇಲ್ಲದೆ ಬಿದ್ದಿದ್ದವು. ಅವುಗಳಿಂದ ಪೋರ್ಟಲ್ಲಿಗೆ ಸಂಬಂಧವೇ ಇರದ 48 ಡೇಟಾಬೇಸ್‌ಗಳು ತೆರೆದುಕೊಂಡವು. ಹೊರಹೋಗುವ ಮಾಹಿತಿಯನ್ನು ಬಿಡಿಸಿ ನೋಡುವ ಸಾಧನವೊಂದನ್ನು ಕಂಪನಿ ಇಟ್ಟುಕೊಂಡಿತ್ತು ನಿಜ. ಅದಕ್ಕೆ ಬೇಕಾದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದು 19 ತಿಂಗಳಾಗಿತ್ತು ಎನ್ನುತ್ತದೆ ಅಮೆರಿಕ ಸಂಸತ್ತಿನ ಕೆಳಮನೆಯಾದ ಹೌಸ್‌ನ ಸಮಿತಿಯ ವರದಿ. ಜುಲೈ 29ರಂದು ಹೊಸ ಸರ್ಟಿಫಿಕೇಟ್ ಹಾಕಿದ್ದೇ ತಡ, ಅನುಮಾನಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟು ಸಣ್ಣ ಕೆಲಸ ಅದು.

2018ರ ಡಿಸೆಂಬರಿನಲ್ಲಿ ಬಂದ ಆ ವರದಿಯನ್ನು ಭದ್ರತೆಯ ವಿಷಯದಲ್ಲಿ ನಾನು ಮೇಲ್ದರ್ಜೆಯ ಕೆಲಸ ಎನ್ನುತ್ತೇನೆ. ಇಕ್ವಿಫ್ಯಾಕ್ಸ್‌ನ ಮುಖ್ಯಸ್ಥರಾಗಿದ್ದ ರಿಚರ್ಡ್ ಸ್ಮಿತ್ ಸಂಸತ್ತಿನ ಮುಂದೆ ನಿಂತಾಗ, ಪ್ಯಾಚ್ ಹಾಕಿಸಬೇಕಿದ್ದ ಒಬ್ಬ ವ್ಯಕ್ತಿಯ ಲೋಪ ಎಂಬಂತೆ ಮಾತಾಡಿದ್ದರು. ವರದಿ ಅದನ್ನು ಒಪ್ಪಲಿಲ್ಲ. ಭದ್ರತೆಯ ಮುಖ್ಯಸ್ಥರು ಐಟಿ ವಿಭಾಗಕ್ಕಲ್ಲ, ಕಾನೂನು ವಿಭಾಗದ ಮುಖ್ಯಸ್ಥರಿಗೆ ವರದಿ ಮಾಡಿಕೊಳ್ಳುತ್ತಿದ್ದರು. ನಿಯಮ ಬರೆಯುವವರು ಒಂದು ಕಡೆ, ಜಾರಿ ಮಾಡುವವರು ಇನ್ನೊಂದು ಕಡೆ, ನಡುವೆ ಹೊಣೆ ಹೊರುವವರಿಲ್ಲ. ಅವಧಿ ಮೀರಿದ ಸರ್ಟಿಫಿಕೇಟುಗಳೇ 300ಕ್ಕೂ ಹೆಚ್ಚಿದ್ದವು. ಇದನ್ನೆಲ್ಲ ಒಬ್ಬನ ತಲೆಗೆ ಕಟ್ಟಲಾಗದು. ಈ ಸೋರಿಕೆಯನ್ನು ಸಂಪೂರ್ಣವಾಗಿ ತಡೆಯಬಹುದಿತ್ತು ಎಂಬ ವರದಿಯ ತೀರ್ಮಾನಕ್ಕೆ ಗಟ್ಟಿ ಆಧಾರವಿದೆ.

ಬ್ರಿಟನ್ನಿನ ಕತೆ ಇನ್ನೂ ನೋವಿನದು. ಅಲ್ಲಿನ 1.38 ಕೋಟಿ ಜನರ ಮಾಹಿತಿ ಅಮೆರಿಕದ ಸರ್ವರುಗಳಲ್ಲಿತ್ತು. ಮಾತೃಸಂಸ್ಥೆ ಸೋರಿಕೆಯನ್ನು ಜಗತ್ತಿಗೆ ತಿಳಿಸುವ ಸುಮಾರು ಐದು ನಿಮಿಷ ಮೊದಲಷ್ಟೇ ಬ್ರಿಟನ್ನಿನ ಶಾಖೆಗೆ ವಿಷಯ ಗೊತ್ತಾಯಿತು. ಅಲ್ಲಿನ ಹಣಕಾಸು ನಿಯಂತ್ರಕರು 1.1 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದ್ದು 2023ರಲ್ಲಿ, ಆರು ವರ್ಷ ಕಳೆದ ಮೇಲೆ.

ನನ್ನ ಆಕ್ಷೇಪವಿರುವುದು ಕಾನೂನು ನಷ್ಟವನ್ನು ಅಳೆದ ರೀತಿಗೆ. ಅಮೆರಿಕದಲ್ಲಿ ಮಾಹಿತಿ ಕಳೆದುಕೊಂಡವರು ಸುಮಾರು 14.7 ಕೋಟಿ ಜನ. ಅವರಲ್ಲಿ ಬಹುಪಾಲು ಮಂದಿ ಇಕ್ವಿಫ್ಯಾಕ್ಸ್‌ನ ಗ್ರಾಹಕರೇ ಅಲ್ಲ. ಬ್ಯಾಂಕು, ಕಾರ್ಡ್ ಕಂಪನಿಗಳು ಅವರ ವಿವರವನ್ನು ಅಲ್ಲಿಗೆ ಕಳಿಸುತ್ತವೆ. ನನ್ನದು ಬೇಡ ಎನ್ನುವ ದಾರಿ ಅವರಿಗಿಲ್ಲ. ಹೋದದ್ದು ಹೆಸರು, ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ. ಪಾಸ್‌ವರ್ಡನ್ನಾದರೆ ಸಂಜೆಯೊಳಗೆ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಬದಲಿಸಲಾಗುತ್ತದೆಯೇ?

2019ರ ಜುಲೈನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮತ್ತು ರಾಜ್ಯಗಳ ಜೊತೆ ರಾಜಿಯಾಯಿತು. ಕನಿಷ್ಠ 57.5 ಕೋಟಿ, ಹೆಚ್ಚೆಂದರೆ 70 ಕೋಟಿ ಡಾಲರ್ ಎಂಬ ಮೊತ್ತ ಪತ್ರಿಕೆಗಳ ಮುಖಪುಟಕ್ಕೆ ಬಂತು. ಉಚಿತ ಕ್ರೆಡಿಟ್ ನಿಗಾ ಸೇವೆ ಬೇಡವೆಂದವರು 125 ಡಾಲರ್ ನಗದು ಪಡೆಯಬಹುದು ಎಂದೂ ಪ್ರಚಾರವಾಯಿತು. ಆ ನಗದಿಗೆ ಮೀಸಲಿಟ್ಟದ್ದು ಬರೀ 3.1 ಕೋಟಿ ಡಾಲರ್. ತಲಾ 125ರಂತೆ ಹಂಚಿದರೆ 2 ಲಕ್ಷ 48 ಸಾವಿರ ಜನರಿಗೆ ಮುಗಿದುಹೋಗುವ ಹಣ. ಅರ್ಜಿಗಳು ಪ್ರವಾಹದಂತೆ ಬಂದವು. ಕೆಲವೇ ದಿನಗಳಲ್ಲಿ ಕಮಿಷನ್ನೇ ಮುಂದೆ ಬಂದು, ನಗದಿನ ಬದಲು ನಿಗಾ ಸೇವೆಯನ್ನೇ ಆರಿಸಿಕೊಳ್ಳಿ ಎಂದು ಜನರಿಗೆ ಹೇಳಬೇಕಾಯಿತು. ಕೊನೆಗೆ ಬಹಳ ಮಂದಿಯ ಕೈಗೆ ಬಂದದ್ದು ಕೆಲವೇ ಡಾಲರ್. ವಕೀಲರ ಶುಲ್ಕಕ್ಕೆ ಕೋರ್ಟ್ ಒಪ್ಪಿದ್ದು 7.75 ಕೋಟಿ ಡಾಲರ್.

ರಾಜಿಯಲ್ಲಿ ಒಳ್ಳೆಯ ಅಂಶಗಳಿಲ್ಲ ಎಂದಲ್ಲ. ಐದು ವರ್ಷದಲ್ಲಿ ಭದ್ರತೆಗೆ ಕನಿಷ್ಠ 100 ಕೋಟಿ ಡಾಲರ್ ಖರ್ಚು ಮಾಡಬೇಕೆಂಬ ಷರತ್ತು ನಿಜಕ್ಕೂ ಮುಖ್ಯ. ಆದರೆ ಜನರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಈ ರಾಜಿಯಲ್ಲ, 2018ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು. ತನ್ನ ಹೆಸರಲ್ಲಿ ಬೇರೆಯವರು ಸಾಲ ತೆಗೆಯದಂತೆ ಕ್ರೆಡಿಟ್ ದಾಖಲೆಗೆ ಬೀಗ ಹಾಕಿಸಲು ಆವರೆಗೆ ಅನೇಕ ರಾಜ್ಯಗಳಲ್ಲಿ ಶುಲ್ಕವಿತ್ತು. ಈ ಕಾನೂನು ಅದನ್ನು ದೇಶದಾದ್ಯಂತ ಉಚಿತ ಮಾಡಿತು. ತಡೆಯುವ ಶಕ್ತಿಯನ್ನು ನೊಂದವರ ಕೈಗೇ ಕೊಟ್ಟ ಕ್ರಮ ಇದೊಂದೇ.

2020ರಲ್ಲಿ ಅಮೆರಿಕ ಚೀನಾ ಸೇನೆಯ ನಾಲ್ವರ ಮೇಲೆ ಈ ಕಳ್ಳತನದ ಆರೋಪ ಹೊರಿಸಿತು. ಕದ್ದದ್ದು ಬೇಹುಗಾರಿಕೆಗಾದರೆ ಆ ಮಾಹಿತಿ ಕಳ್ಳಸಂತೆಗೆ ಬರುವುದಿಲ್ಲ, ಯಾರ ಖಾತೆಯಿಂದಲೂ ಹಣ ಕಾಣೆಯಾಗುವುದಿಲ್ಲ. ಹಾಗಾದರೆ ನಷ್ಟವೆಲ್ಲಿ ಎಂದು ಕೋರ್ಟುಗಳು ಕೇಳುತ್ತವೆ. ಅಮೆರಿಕದ ಸುಪ್ರೀಂ ಕೋರ್ಟು 2021ರಲ್ಲಿ, ಇಕ್ವಿಫ್ಯಾಕ್ಸ್‌ನಂತೆಯೇ ಸಾಲದ ದಾಖಲೆ ಇಡುವ ಟ್ರಾನ್ಸ್‌ಯೂನಿಯನ್ ಕಂಪನಿಯ ಮೊಕದ್ದಮೆಯಲ್ಲಿ ಈ ಪ್ರಶ್ನೆಗೆ ಕಠಿಣ ಉತ್ತರ ಕೊಟ್ಟಿತು. ಅದು ಸೋರಿಕೆಯ ಪ್ರಕರಣವಲ್ಲ. 8,185 ಜನರ ಕ್ರೆಡಿಟ್ ದಾಖಲೆಯಲ್ಲಿ ಭಯೋತ್ಪಾದಕರ ಪಟ್ಟಿಗೆ ಹೆಸರು ಹೊಂದುತ್ತದೆ ಎಂಬ ತಪ್ಪು ಷರಾ ಇತ್ತು. ಷರಾ ಮೂರನೆಯವರಿಗೆ ತಲುಪಿದ 1,853 ಜನರಿಗೆ ಮಾತ್ರ ಪರಿಹಾರ ಕೇಳುವ ಹಕ್ಕಿದೆ ಎಂದು 5–4ರ ಬಹುಮತ ತೀರ್ಮಾನಿಸಿತು. ಈ ತರ್ಕ ನನಗೆ ಒಪ್ಪಿಗೆಯಿಲ್ಲ. ಹತ್ತು ವರ್ಷವಾದ ಮೇಲೂ ಯಾರೋ ತನ್ನ ಹೆಸರಲ್ಲಿ ಸಾಲ ತೆಗೆದಾರು ಎಂದು ಕಾಯುತ್ತ ಕೂರುವುದೇ ಒಂದು ನಷ್ಟ.

ಇದು ನಮಗೂ ದೂರದ ಮಾತಲ್ಲ. ನಾವು ಒಟ್ಟಾರೆ ಸಿಬಿಲ್ ಎಂದುಬಿಡುವ ವ್ಯವಸ್ಥೆಯಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಕಂಪನಿಗಳಿವೆ, ಅವುಗಳಲ್ಲಿ ಇಕ್ವಿಫ್ಯಾಕ್ಸ್ ಕೂಡ ಒಂದು. ಬೆಂಗಳೂರಿನಲ್ಲಿ ಫ್ರಿಜ್ಜಿಗೋ ಬೈಕಿಗೋ ಸಾಲ ತೆಗೆದವರ ವಿವರವೂ ಇಂಥದೇ ಕಡತಗಳಿಗೆ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಭದ್ರತೆಯಲ್ಲಿ ಎಡವಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ಸೋರಿಕೆಯಾದಾಗ ಪ್ರತಿಯೊಬ್ಬ ಬಾಧಿತರಿಗೂ ತಿಳಿಸಬೇಕು ಎಂದಿದೆ. ಎರಡನ್ನೂ ಮೆಚ್ಚುತ್ತೇನೆ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ನೊಂದವರು ಪರಿಹಾರ ಕೇಳಲು ಆಧಾರವಾಗಿದ್ದ ಐಟಿ ಕಾಯ್ದೆಯ 43ಎ ಕಲಮನ್ನು ಈ ಕಾಯ್ದೆ ತೆಗೆದುಹಾಕುತ್ತದೆ. ಅದೇ ವೇಳೆ ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟ ವ್ಯಕ್ತಿಗೆ 10,000 ರೂಪಾಯಿವರೆಗೆ ದಂಡವಿದೆ. ಅಮೆರಿಕದವರಿಗೆ ಕೆಲವು ಡಾಲರಾದರೂ ಸಿಕ್ಕಿತು. ಈ ಕಾಯ್ದೆ ಪೂರ್ತಿ ಜಾರಿಗೆ ಬಂದ ಮೇಲೆ ಅದರಡಿ ಇಲ್ಲಿ ಅಷ್ಟಕ್ಕೂ ದಾರಿಯಿರುವುದಿಲ್ಲ.

ಪರಿಹಾರ ಕೊಡುವುದು ನಮ್ಮಲ್ಲಿ ಅಸಾಧ್ಯವೇನಲ್ಲ. ಕ್ರೆಡಿಟ್ ದಾಖಲೆಯ ಬಗೆಗಿನ ದೂರನ್ನು 30 ದಿನದಲ್ಲಿ ಇತ್ಯರ್ಥಪಡಿಸದಿದ್ದರೆ ದೂರುದಾರರಿಗೆ ದಿನಕ್ಕೆ 100 ರೂಪಾಯಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಈಗಾಗಲೇ ನಿಯಮ ಮಾಡಿದೆ. ವಿಳಂಬಕ್ಕೆ ಹೀಗೆ ಬೆಲೆ ಕಟ್ಟಬಹುದಾದರೆ ಕಳವಿಗೂ ಕಟ್ಟಬಹುದು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಹೊಸ ಕಾಯ್ದೆಯ ಮುಖ್ಯ ಹೊಣೆಗಳು ಜಾರಿಗೆ ಬರುವುದು 18 ತಿಂಗಳ ಬಳಿಕ. ದಂಡದ ಒಂದು ಪಾಲು ಬಾಧಿತರಿಗೇ ಸೇರಬೇಕೆಂಬ ತಿದ್ದುಪಡಿಯನ್ನು ಸಂಸತ್ತಿನಲ್ಲಿ ತರಲು, 43ಎಯನ್ನು ಉಳಿಸಿಕೊಳ್ಳಲು ಆ ಅವಧಿ ಸಾಕು.