ಮೂವತ್ತೈದು ಮಿಲಿಮೀಟರಿನ ಪಂಥ

ಈ ವಾರ ಲಾಯದ ದೀಪಗಳ ಬಗ್ಗೆ ಬರೆಯುವುದಾಗಿ ಅಂಕಣ ಮಾತು ಕೊಟ್ಟಿತ್ತು. ಮಾತು ಉಳಿಸಿಕೊಳ್ಳಲು ಒಂದು ಪ್ಯಾರಾ ಸಾಕು. ಥರೋಬ್ರೆಡ್ ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ಉತ್ತರ ಗೋಳಾರ್ಧದಲ್ಲಿ ಅದರ ವಯಸ್ಸಿನ ಲೆಕ್ಕ ಜನವರಿ 1ರಿಂದಲೇ. ಹೆಣ್ಣುಗುದುರೆ ಬೇಗ ಗಬ್ಬವಾಗಲಿ ಎಂದು ಇಂಗ್ಲೆಂಡಿನ ನ್ಯೂಮಾರ್ಕೆಟ್ ಕಡೆಯವರು ಡಿಸೆಂಬರಿನಿಂದಲೇ ದಿನಕ್ಕೆ 16 ಗಂಟೆ ಬೆಳಕು ಸಿಗುವಂತೆ ದೀಪ ಹಾಕುತ್ತಾರೆ. ಅಲ್ಲಿ ಆಗ ಹಗಲು ಎಂಟು ಗಂಟೆಯೂ ಇರುವುದಿಲ್ಲ. ನಮ್ಮ ಕುಣಿಗಲ್‌ನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಅಲ್ಲಿಯ ಲೆಕ್ಕವನ್ನು ಕಣ್ಣುಮುಚ್ಚಿ ಇಲ್ಲಿಗೆ ತರುವವರು ಮೊದಲು ಸೂರ್ಯನನ್ನು ಕೇಳಲಿ. ದೀಪದ ಮಾತು ಮುಗಿಯಿತು.

ಅದಕ್ಕಿಂತ ತುರ್ತಿನ ತಕರಾರು ಅಳತೆಯವರ ಜೊತೆಗಿದೆ. ಸ್ಕ್ಯಾನಿಂಗ್ ಪರದೆಯ ಮೇಲೆ ಫಾಲಿಕಲ್, ಅಂದರೆ ಅಂಡವಿರುವ ದ್ರವದ ಚೀಲ, 35 ಮಿ.ಮೀ. ಮುಟ್ಟಿತೇ? ಎಚ್‌ಸಿಜಿ ಇಂಜೆಕ್ಷನ್ ಕೊಟ್ಟು ಅಂಡ ಬಿಡಿಸಿ, ಗಂಡಿಗೆ ಬಿಡಿ, ಕೈ ತೊಳೆದುಕೊಳ್ಳಿ. ಇಷ್ಟೇ ಮಂತ್ರದಲ್ಲಿ ಇಡೀ ಸೀಸನ್ ದಾಟಿಸುವ ಪಂಥವೊಂದು ಬೆಳೆದುಬಿಟ್ಟಿದೆ. ಯಂತ್ರದ ಮೇಲೆ ಯಾರಿಗೂ ಸಿಟ್ಟಿಲ್ಲ. 1980ರಲ್ಲಿ ಫ್ರಾನ್ಸಿನ ಪಾಮರ್ ಮತ್ತು ಡ್ರಿಯಾಂಕೂರ್ ಹೆಣ್ಣುಗುದುರೆಯ ಅಂಡಾಶಯವನ್ನು ಅಲ್ಟ್ರಾಸೌಂಡಿನಲ್ಲಿ ನೋಡುವ ವಿಧಾನ ಪ್ರಕಟಿಸಿದ ಮೇಲೆ ಈ ವಿದ್ಯೆಯ ಚಹರೆಯೇ ಬದಲಾಯಿತು. ಸಿಟ್ಟಿರುವುದು ಒಂದೇ ಸಂಖ್ಯೆಯನ್ನು ದೇವರು ಮಾಡಿಕೊಂಡಿದ್ದಕ್ಕೆ. ಒಂದು ಕುದುರೆ 38ಕ್ಕೆ ಅಂಡ ಬಿಟ್ಟರೆ ಪಕ್ಕದ ಲಾಯದ್ದು 50 ತಲುಪಿದರೂ ಬಿಡದು. ಇನ್ನೂ ಮುಜುಗರದ ಸಂಗತಿಯೆಂದರೆ, ದಿನಕ್ಕೆ ಸುಮಾರು 3 ಮಿ.ಮೀ.ನಂತೆ ಬೆಳೆದು ಬಂದ ಫಾಲಿಕಲ್ ಅಂಡ ಬಿಡುವ ಮುಂಚಿನ ದಿನ ಹೆಚ್ಚುಕಡಿಮೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಬೇಕಾದ ದಿನವೇ ಅಳತೆ ಬಾಯಿ ಮುಚ್ಚಿಕೊಳ್ಳುತ್ತದೆ.

ಆ ದಿನ ಬದಲಾಗುವುದು ಗೋಡೆ. ದುಂಡಗಿದ್ದ ಫಾಲಿಕಲ್ ಒಂದು ಕಡೆಗೆ ಚೂಪಾಗುತ್ತದೆ, ಬಿಗಿ ತಪ್ಪಿ ಮೆತ್ತಗಾಗುತ್ತದೆ. ಸ್ಕ್ಯಾನರ್ ಬರುವ ಮುಂಚಿನ ಪಶುವೈದ್ಯರು ಗುದದ್ವಾರದಿಂದ ಕೈ ಹಾಕಿ, ಬೆರಳ ತುದಿಯಲ್ಲೇ ಈ ಮೆತುವನ್ನು ಗುರುತಿಸಿ, 'ನಾಳೆ ಬೆಳಗ್ಗೆಯೊಳಗೆ' ಎನ್ನುತ್ತಿದ್ದರು. ಕೈ ಪರೀಕ್ಷೆಯನ್ನು ಹಳೇ ಕಾಲದ್ದೆಂದು ಮೂಲೆಗೆ ತಳ್ಳಿದವರು ಕಳೆದುಕೊಂಡಿದ್ದು ಇದನ್ನೇ.

ಮೆತ್ತಗಾಗುವುದು ಯಾಕೆ ಎಂಬುದರಲ್ಲಿ ದೊಡ್ಡ ಜಗಳವೊಂದು ಅಡಗಿದೆ. ಒಳಗೆ ದ್ರವ ತುಂಬಿ ತುಂಬಿ, ಒತ್ತಡ ತಡೆಯಲಾಗದೆ ಫಾಲಿಕಲ್ ಬಲೂನಿನಂತೆ ಒಡೆಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1916ರಲ್ಲೇ ಶೋಶೆಟ್ ಎಂಬಾತ, ಗೋಡೆ ಒತ್ತಡಕ್ಕೆ ಒಡೆಯುವುದಲ್ಲ, ಅದನ್ನು ಏನೋ ಜೀರ್ಣಿಸುತ್ತಿರಬೇಕು ಎಂದು ಸೂಚಿಸಿದ್ದ. 1963ರಲ್ಲಿ ಎಸ್ಪಿ ಮತ್ತು ಲಿಪ್ನರ್ ಮೊಲದ ಫಾಲಿಕಲ್ ಒಳಗಿನ ಒತ್ತಡವನ್ನೇ ಅಳೆದು ನೋಡಿದರು. ಅಂಡ ಹೊರಬೀಳುವ ಹೊತ್ತು ಹತ್ತಿರವಾದರೂ ಒತ್ತಡ ಏರಿರಲಿಲ್ಲ. ಕುದುರೆಯ ವಿಷಯದಲ್ಲಿ ಇನ್ನೂ ಸೊಗಸಾದ ಸಾಕ್ಷ್ಯವಿದೆ. ವಿಸ್ಕಾನ್ಸಿನ್‌ನ ಗಿಂಥರ್ (ಈ ಅಂಕಣದ ಹಳೇ ಓದುಗರಿಗೆ ಅವರ 'ರಿಪ್ರೊಡಕ್ಟಿವ್ ಬಯಾಲಜಿ ಆಫ್ ದಿ ಮೇರ್' ಪುಸ್ತಕದ ಜಪ ಕೇಳಿ ಕೇಳಿ ಸಾಕಾಗಿರಬಹುದು) ಮತ್ತು ಸಂಗಡಿಗರು ಅಂಡ ಬಿಡುವ ಗಳಿಗೆಯನ್ನೇ ಪರದೆಯ ಮೇಲೆ ಕಾದು ಹಿಡಿದರು. ಕೆಲವದರಲ್ಲಿ ದ್ರವ ಒಂದೂವರೆ ನಿಮಿಷದೊಳಗೆ ಖಾಲಿಯಾದರೆ ಕೆಲವದರಲ್ಲಿ ಆರೇಳು ನಿಮಿಷ ನಿಧಾನವಾಗಿ ಹರಿಯಿತು. ಒತ್ತಡಕ್ಕೆ ಒಡೆಯುವ ಯಾವುದಕ್ಕೂ ಇಷ್ಟು ಪುರುಸೊತ್ತಿರುವುದಿಲ್ಲ.

ಹೆಣ್ಣುಗುದುರೆಗೆ ಈ ಗೋಡೆ ಬಿಡಿಸುವ ಕೆಲಸ ಬೇರೆ ಪ್ರಾಣಿಗಳಿಗಿಂತ ಕಷ್ಟದ್ದು. ಹಸುವಿನಲ್ಲಿ, ಕುರಿಯಲ್ಲಿ, ಹೆಂಗಸರಲ್ಲಿ ಫಾಲಿಕಲ್‌ಗಳು ಅಂಡಾಶಯದ ಹೊರಪದರದಲ್ಲಿರುತ್ತವೆ. ಮೇಲ್ಮೈಯ ಹೆಚ್ಚುಕಡಿಮೆ ಯಾವ ಜಾಗದಿಂದ ಬೇಕಾದರೂ ಅಂಡ ಹೊರಬರಬಹುದು. ಕುದುರೆಯಲ್ಲಿ ಒಳಗಿನದು ಹೊರಗೆ, ಹೊರಗಿನದು ಒಳಗೆ. ಫಾಲಿಕಲ್ ಬೆಳೆಯುವ ಪದರ ಮಧ್ಯದಲ್ಲಿದೆ, ಅದರ ಸುತ್ತ ರಕ್ತನಾಳಗಳೂ ಗಟ್ಟಿ ನಾರಿನ ಹೊದಿಕೆಯೂ ಇವೆ. ಹೊರದಾರಿ ಒಂದೇ, ಅಂಡಾಶಯದ ನಡುವಿನ ಸಣ್ಣ ತಗ್ಗು. ಮನುಷ್ಯರದಕ್ಕಿಂತ ಇಮ್ಮಡಿ ದಪ್ಪದ ಫಾಲಿಕಲ್ ಆ ತಗ್ಗಿನ ಕಡೆಗೆ ಮುಖ ಮಾಡಿ ಚಾಚಿಕೊಳ್ಳಬೇಕು, ನಡುವೆ ಸಿಗುವ ಅಂಗಾಂಶ ಸಡಿಲವಾಗಿ ಜಾಗ ಬಿಡಬೇಕು. ಕೊನೆಯ ಗಳಿಗೆಯಲ್ಲಿ ಒಂದು ತೂತು ಕೊರೆದರೆ ಆಗುವ ಕೆಲಸವಲ್ಲ ಇದು.

ಇಲ್ಲಿ ಬರುತ್ತವೆ ಅಂಗಾಂಶವನ್ನು ಕಳಚಿ ಮತ್ತೆ ಕಟ್ಟುವ ಕಿಣ್ವಗಳು. ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್, ಚಿಕ್ಕದಾಗಿ ಎಂಎಂಪಿ. ಸತುವಿನ ಪರಮಾಣುವೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡ ಈ ಬಳಗದ ಮೊದಲ ಸದಸ್ಯ ಸಿಕ್ಕಿದ್ದು ಕುದುರೆಯಲ್ಲೂ ಅಲ್ಲ, ಅಂಡಾಶಯದಲ್ಲೂ ಅಲ್ಲ, ಕಪ್ಪೆಮರಿಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಅಷ್ಟು ದೊಡ್ಡ ಬಾಲ ಎಲ್ಲಿಗೆ ಹೋಗುತ್ತದೆ? ಶಾಲೆಯ ಹುಡುಗರು ಕೇಳುವ ಪ್ರಶ್ನೆಯನ್ನೇ ಜೆರೋಮ್ ಗ್ರಾಸ್ ಮತ್ತು ಶಾರ್ಲ್ ಲಾಪಿಯೇರ್ 1962ರಲ್ಲಿ ಕೇಳಿಕೊಂಡರು. ಬಾಲದ ಚೂರುಗಳನ್ನು ಕೊಲಾಜೆನ್ ಜೆಲ್ಲಿನ ಮೇಲಿಟ್ಟರು. ಚೂರಿನ ಸುತ್ತ ಜೆಲ್ ಕರಗಿ ತಿಳಿಯಾಯಿತು. ಸೌಮ್ಯ ಸ್ಥಿತಿಯಲ್ಲಿ ಬೇರೆ ಕಿಣ್ವಗಳಿಗೆ ಜಗ್ಗದ ಕೊಲಾಜೆನ್ನನ್ನು ಜೀವಂತ ಅಂಗಾಂಶ ತಾನೇ ಕತ್ತರಿಸುತ್ತಿತ್ತು. ಅಂಕಣದ ಮಟ್ಟಿಗೆ ಇಪ್ಪತ್ತನೇ ಶತಮಾನದ ಅತಿ ಚೆಂದದ ಪ್ರಯೋಗಗಳಲ್ಲಿ ಇದೊಂದು. ದುಬಾರಿ ಉಪಕರಣ ಬೇಕಾಗಲಿಲ್ಲ, ನೋಡುವ ಕಣ್ಣು ಸಾಕಾಯಿತು.

ಅದೇ ಉಪಾಯದ ಸುಧಾರಿತ ರೂಪದಲ್ಲಿ, ಅಂದರೆ ಜೆಲಾಟಿನ್ ಬೆರೆಸಿದ ಜೆಲ್ಲಿಗೆ ನೀಲಿ ಬಣ್ಣ ಹಾಕಿ, ಕಿಣ್ವ ತಿಂದ ಜಾಗ ಬೆಳ್ಳಗೆ ಉಳಿಯುವುದನ್ನು ನೋಡುವ ವಿಧಾನದಲ್ಲಿ, ಕುದುರೆಯ ಫಾಲಿಕಲ್ ದ್ರವವನ್ನೂ ಪರೀಕ್ಷಿಸಲಾಗಿದೆ. 2001ರಲ್ಲಿ ಎಡಿನ್‌ಬರೋದವರು ಎಂಎಂಪಿ-2, ಎಂಎಂಪಿ-9 ಮತ್ತು ಇವುಗಳಿಗೆ ಕಡಿವಾಣ ಹಾಕುವ ಟಿಂಪ್ ಎಂಬ ಪ್ರೋಟೀನುಗಳ ವರದಿ ಕೊಟ್ಟರು. ಕತ್ತರಿಸುವವರೂ ತಡೆಯುವವರೂ ಒಂದೇ ದ್ರವದಲ್ಲಿ. ಎರಡರ ತೂಕದಲ್ಲಿ ಏರುಪೇರಾದಾಗ ಗೋಡೆ ಸಡಿಲವಾಗುತ್ತದೆ. ಇವುಗಳ ಜೊತೆಗೆ ಕತ್ತರಿಸುವ ಬೇರೆ ಕಿಣ್ವಗಳೂ ಇವೆ: ಪ್ಲಾಸ್ಮಿನ್ ಇದೆ, ಎಡಿಎಎಂಟಿಎಸ್-1 ಇದೆ. ಇವುಗಳಲ್ಲಿ ಒಂದನ್ನು ಹಿಡಿದು 'ಇದೇ ಬೀಗದ ಕೈ' ಎನ್ನುವವರಿಗೆ ಇಲಿಗಳು ಉತ್ತರ ಕೊಟ್ಟಾಗಿದೆ: ಪ್ಲಾಸ್ಮಿನ್‌ನ ಮೂಲವಾದ ಪ್ಲಾಸ್ಮಿನೋಜೆನ್‌ನ ಜೀನ್ ಕಿತ್ತುಹಾಕಿದ ಇಲಿಗಳೂ ಅಂಡ ಬಿಡುತ್ತವೆ.

ಈ ಪಡೆಗೆ ಅಪ್ಪಣೆ ಕೊಡುವುದು ಯಾರು? ಎಲ್‌ಎಚ್ ಹಾರ್ಮೋನ್ ಎಂದು ಪಾಠ ಒಪ್ಪಿಸಬಹುದು. ಆದರೆ ಕುದುರೆಯ ಎಲ್‌ಎಚ್ ಹಸುವಿನದರಂತೆ ಥಟ್ಟನೆ ಏರಿ ಇಳಿಯುವುದಿಲ್ಲ. ದಿನಗಟ್ಟಲೆ ನಿಧಾನವಾಗಿ ಏರಿ, ಅಂಡ ಬಿಟ್ಟ ಮೇಲೆ ತುದಿ ಮುಟ್ಟುತ್ತದೆ. ಅದರ ರಕ್ತಪರೀಕ್ಷೆ ಮಾಡಿ ಗಂಟೆ ಹೇಳಲಾಗದು. ಮಾಂಟ್ರಿಯಲ್‌ನ ಜಾನ್ ಸಿರ್ವಾ 1997ರಲ್ಲಿ ತೋರಿಸಿದ ಗಡಿಯಾರ ಇನ್ನೊಂದಿದೆ. ಎಚ್‌ಸಿಜಿ ಕೊಟ್ಟ ಮೇಲೆ ಗೋಡೆ ತೆರೆಯಲು ಬೇಕಾದ ಪ್ರೊಸ್ಟಗ್ಲಾಂಡಿನ್ ತಯಾರಿಸುವ ಕಿಣ್ವ ಫಾಲಿಕಲ್‌ನಲ್ಲಿ ಕಾಣಿಸಿಕೊಳ್ಳಲು ಇಲಿಗೆ ಸುಮಾರು 4 ಗಂಟೆ, ಹಸುವಿಗೆ 18, ಕುದುರೆಗೆ 30. ಆರಂಭದಲ್ಲಿ ಇಷ್ಟು ಅಂತರವಿದ್ದರೂ, ಅಲ್ಲಿಂದ ಅಂಡ ಹೊರಬೀಳುವವರೆಗೆ ಮೂರಕ್ಕೂ ಹಿಡಿಯುವುದು ಸುಮಾರು 10 ಗಂಟೆಯೇ.

ಈ ಹತ್ತು ಗಂಟೆ ನೆನಪಿಟ್ಟುಕೊಂಡವರು ನೋವಿನ ಔಷಧವನ್ನು ಯೋಚಿಸಿ ಬಳಸುತ್ತಾರೆ. ಗರ್ಭಕೋಶದ ಉರಿಯೂತವಿರುವ ಕುದುರೆಗೆ ಕವರಿಂಗ್, ಅಂದರೆ ಗಂಡಿಗೆ ಬಿಡುವ ಹೊತ್ತಿನ ಆಸುಪಾಸಿನಲ್ಲಿ ಫ್ಲುನಿಕ್ಸಿನ್ ಕೊಡುವುದು ಹಲವೆಡೆ ರೂಢಿ. ಅದು ತಡೆಯುವುದು ಪ್ರೊಸ್ಟಗ್ಲಾಂಡಿನ್ನನ್ನೇ. ಮಾಮೂಲಿ ಡೋಸ್ ಒಮ್ಮೆ ಬಿದ್ದ ಮಾತ್ರಕ್ಕೆ ಸೀಸನ್ ಹಾಳಾಗುತ್ತದೆಂದು ಯಾರೂ ಹೆದರಬೇಕಿಲ್ಲ. ಆದರೆ ಎಚ್‌ಸಿಜಿ ಜೊತೆಗೇ ಹೆಚ್ಚಿನ ಡೋಸನ್ನು ಮತ್ತೆ ಮತ್ತೆ ಕೊಟ್ಟ ಪ್ರಯೋಗಗಳಲ್ಲಿ ಗೋಡೆ ತೆರೆಯಲಿಲ್ಲ; ಅಂಡ ಒಳಗೇ ಸಿಕ್ಕಿಕೊಂಡು ಫಾಲಿಕಲ್ ತುಂಬ ರಕ್ತ ಹೆಪ್ಪುಗಟ್ಟಿತು. ಔಷಧವಿಲ್ಲದೆಯೂ ಹೀಗಾಗುವುದುಂಟು, ಸೀಸನ್ ಮುಗಿಯುತ್ತ ಬಂದಾಗ, ವಯಸ್ಸಾದ ಕುದುರೆಗಳಲ್ಲಿ ಹೆಚ್ಚು.

ಅಳತೆಯವರು ಸಿಕ್ಕಿಬೀಳುವುದು ಇಲ್ಲೇ. ರಕ್ತ ತುಂಬಿದ ಫಾಲಿಕಲ್ ಪ್ರೊಜೆಸ್ಟರೋನನ್ನು ಧಾರಾಳವಾಗಿ ತಯಾರಿಸುತ್ತದೆ. ಕುದುರೆಯ ಬೆದೆ ಇಳಿಯುತ್ತದೆ, ಬೆದೆ ಪರೀಕ್ಷಿಸಲು ತಂದ ಟೀಸರ್ ಗಂಡನ್ನು ಒದ್ದು ಓಡಿಸುತ್ತದೆ, ರಕ್ತಪರೀಕ್ಷೆ 'ಅಂಡ ಬಿಟ್ಟಿದೆ' ಎನ್ನುತ್ತದೆ. ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲದ ಥರೋಬ್ರೆಡ್ ಲೋಕದಲ್ಲಿ ಒಂದು ಕವರಿಂಗ್ ವ್ಯರ್ಥ, ಜೊತೆಗೆ ಮೂರು ವಾರವೋ ಅದಕ್ಕಿಂತ ಹೆಚ್ಚೋ ಕಾಲವೂ ವ್ಯರ್ಥ. ಇಂಜೆಕ್ಷನ್ ಕೊಟ್ಟ ಎರಡನೇ ದಿನ ಮತ್ತೆ ಸ್ಕ್ಯಾನರ್ ಹಿಡಿದು, ಕಪ್ಪಗೆ ಕಾಣುತ್ತಿದ್ದ ದ್ರವ ಪೂರ್ತಿ ಖಾಲಿಯಾಗಿದೆಯೋ ಅಥವಾ ಅದರೊಳಗೆ ಬಿಳಿ ಚುಕ್ಕೆಗಳು ತೇಲುತ್ತಿವೆಯೋ ಎಂದು ನೋಡಿದವರಿಗೆ ಮಾತ್ರ ನಿಜ ಸಂಗತಿ ಸಮಯಕ್ಕೆ ತಿಳಿಯುತ್ತದೆ.